ಮೂರನೇ ಕುರ್ಚಿ

(ದಂಪತಿಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಅಂದು ಹೇಳಿದ ಹಾಗೇ ಇದೆ.)

ಎಲ್ಲರಿಗೂ ವಂದನೆ.

ಪರದೇಶದಲ್ಲಿ ಕ್ರೈಸ್ತ ದಂಪತಿಗಳ ಮನೆಬಾಳು, ಅತಿಥಿಸತ್ಕಾರ. ಇದರ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಿಮ್ಮ ಪತ್ರ ಓದಿ ನಮ್ಮವರು ನಕ್ಕರು. "ಮೊದಲ ಐದು ತಿಂಗಳ ಕತೆ ಹೇಳ್ತೀಯೋ, ಮುಚ್ಚಿಡ್ತೀಯೋ?" ಅಂತ ಕೇಳಿದರು. ಮುಚ್ಚಿಟ್ಟು ಏನು ಮಾಡಲಿ? ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ಊರು ಬಿಟ್ಟು ಹೋದ ಮೇಲೆ ಮೊದಲ ಐದು ತಿಂಗಳು ನಮ್ಮ ಮನೆಗೆ ಒಬ್ಬರೂ ಬರಲಿಲ್ಲ. ನೀರಿನ ಮೀಟರ್ ನೋಡಲು ಬಂದವನನ್ನು ಲೆಕ್ಕಕ್ಕೆ ಹಿಡಿದರೆ ಒಬ್ಬ. ಮನೆಯಲ್ಲಿ ಇದ್ದದ್ದು ಎರಡು ಕುರ್ಚಿ, ಎರಡು ತಟ್ಟೆ, ಎರಡು ಲೋಟ. ದುಡ್ಡಿಲ್ಲ ಅಂತಲ್ಲ. ಮೂರನೆಯದು ಬೇಕು ಅನ್ನಿಸಿಯೇ ಇರಲಿಲ್ಲ. ಭಾನುವಾರ ಆರಾಧನೆಗೆ ಹೋಗುತ್ತಿದ್ದೆವು, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆವು, ಕೊನೆಯ ಹಾಡು ಮುಗಿಯುವ ಮೊದಲೇ ಕೋಟು ಹಾಕಿಕೊಂಡು ಹೊರಡುತ್ತಿದ್ದೆವು. ಯಾರೂ ನಮ್ಮನ್ನು ಕರೆಯುವುದಿಲ್ಲ ಅಂತ ಮನೆಗೆ ಬಂದು ಬೇಸರ ಮಾಡಿಕೊಳ್ಳುತ್ತಿದ್ದೆವು. ನಾವು ಯಾರನ್ನಾದರೂ ಕರೆಯಬಹುದಿತ್ತು ಎಂಬ ಯೋಚನೆಯೇ ಬರಲಿಲ್ಲ. "ನಾವೇ ಇಲ್ಲಿ ನೆಂಟರ ಹಾಗೆ ಬಂದವರು, ನಾವು ಯಾರನ್ನ ಕರೆಯೋದು?" ಅನ್ನೋದು ನಮ್ಮ ಲೆಕ್ಕ.

ಈ ಲೆಕ್ಕ ತಪ್ಪು ಅಂತ ನನಗೆ ತೋರಿಸಿಕೊಟ್ಟವರು ಒಬ್ಬ ಗಂಡ, ಒಬ್ಬ ಹೆಂಡತಿ. ನಿಮಗೂ ಅವರು ಗೊತ್ತು. ಅಕ್ವಿಲ ಮತ್ತು ಪ್ರಿಸ್ಕಿಲ್ಲ.

ಸತ್ಯವೇದದಲ್ಲಿ ಈ ಜೋಡಿಯ ಹೆಸರು ಆರು ಕಡೆ ಬರುತ್ತದೆ. ಆರೂ ಕಡೆ ಇಬ್ಬರ ಹೆಸರೂ ಜೊತೆಗೇ ಇದೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರ ಮಾತೇ ಇಲ್ಲ. ಅದರಲ್ಲಿ ನಾಲ್ಕು ಕಡೆ ಹೆಂಡತಿಯ ಹೆಸರು ಮೊದಲು. ಅದ್ಯಾಕೆ ಅಂತ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ನಾನು ಅದಕ್ಕೆ ಹೋಗುವುದಿಲ್ಲ. ನಮ್ಮವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ನೋಡಿ. ಅಕ್ವಿಲ ಹುಟ್ಟಿದ್ದು ಪೊಂತದಲ್ಲಿ, ಅಂದರೆ ಕಪ್ಪು ಸಮುದ್ರದ ದಂಡೆಯ ಸೀಮೆಯಲ್ಲಿ. ಬದುಕು ಕಟ್ಟಿಕೊಂಡದ್ದು ರೋಮಿನಲ್ಲಿ. ಕ್ಲೌದ್ಯ ಚಕ್ರವರ್ತಿ ಯೆಹೂದ್ಯರೆಲ್ಲ ರೋಮ್ ಬಿಟ್ಟು ಹೋಗಬೇಕು ಅಂತ ಅಪ್ಪಣೆ ಹೊರಡಿಸಿದ. ಸುಮಾರು ಕ್ರಿ.ಶ. 49ರ ಮಾತು. ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಕೊರಿಂಥಕ್ಕೆ ಬಂದರು. ಕಸುಬು ಗುಡಾರ ಮಾಡುವುದು. ಬಂದು ಇನ್ನೂ ಸರಿಯಾಗಿ ನೆಲೆ ನಿಂತಿಲ್ಲ, ಅಷ್ಟರಲ್ಲಿ ಒಬ್ಬ ಒಂಟಿ ಮನುಷ್ಯ ಊರಿಗೆ ಬಂದ. ಅವನದೂ ಅದೇ ಕಸುಬು. ಅವನನ್ನು ಮನೆಯಲ್ಲೇ ಇಟ್ಟುಕೊಂಡರು, ಜೊತೆಗೆ ಕೂತು ಕೆಲಸ ಮಾಡಿದರು. ಆ ಮನುಷ್ಯ ಪೌಲ. ಆ ಊರಲ್ಲಿ ಅವನು ಇದ್ದದ್ದು ಒಂದೂವರೆ ವರ್ಷ.

ನಾನು ಈ ಭಾಗವನ್ನು ಚಿಕ್ಕಂದಿನಿಂದ ಎಷ್ಟು ಸಲ ಓದಿದ್ದೇನೋ. ಪೌಲನನ್ನು ನೋಡಿದ್ದೆ, ಮನೆಯವರನ್ನು ನೋಡಿರಲಿಲ್ಲ. ಪರದೇಶಕ್ಕೆ ಹೋಗಿ ಎರಡು ಕುರ್ಚಿ ಇಟ್ಟುಕೊಂಡು ಕೂತ ಮೇಲೆ ಒಂದು ರಾತ್ರಿ ಓದುವಾಗ ಥಟ್ಟನೆ ಹೊಳೆಯಿತು. ಅಯ್ಯೋ, ಇವರೂ ಆಗತಾನೇ ಬಂದವರು! ಓಡಿಸಿಕೊಂಡು ಬಂದವರು ಬೇರೆ. ನಮಗಾದರೂ ಕೈಯಲ್ಲಿ ಕೆಲಸದ ಕಾಗದ ಇತ್ತು. ಅವರು "ಮೊದಲು ನಾವು ಸೆಟಲ್ ಆಗೋಣ, ಆಮೇಲೆ ಬೇರೆಯವರನ್ನ ನೋಡೋಣ" ಅನ್ನಲಿಲ್ಲ.

ಅಲ್ಲಿಗೂ ನಿಲ್ಲಲಿಲ್ಲ. ಕೊರಿಂಥದಿಂದ ಎಫೆಸಕ್ಕೆ ಹೋದರು. ಅಲ್ಲಿ ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತು. ಕ್ಲೌದ್ಯ ಸತ್ತದ್ದು 54ರಲ್ಲಿ. ಆಮೇಲೆ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇವರಿಗೆ ವಂದನೆ ಹೇಳುತ್ತಾನೆ, ಅಂದರೆ ವಾಪಸ್ ರೋಮಿಗೆ ಹೋಗಿದ್ದಾರೆ. ಅಲ್ಲೂ ಅವರ ಮನೆಯಲ್ಲೇ ಸಭೆ. ಊರು ಬದಲಾಯಿತು, ಮನೆ ಬದಲಾಯಿತು, ಬಾಗಿಲು ಮಾತ್ರ ತೆರೆದೇ ಇತ್ತು. ನನಗಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದರು ಅಂತ ಪೌಲ ಅದೇ ಪತ್ರದಲ್ಲಿ ನೆನೆಸಿಕೊಳ್ಳುತ್ತಾನೆ.

ಇಲ್ಲಿ ಒಂದು ಮಾತಿನ ಬೇರು ಹೇಳಬೇಕು, ನನಗೆ ಬಹಳ ಇಷ್ಟ. ಹೊಸ ಒಡಂಬಡಿಕೆ ಬರೆದ ಗ್ರೀಕ್ ಭಾಷೆಯಲ್ಲಿ ಅತಿಥಿಸತ್ಕಾರಕ್ಕೆ ಇರುವ ಮಾತು 'ಫಿಲೊಕ್ಸೆನಿಯಾ'. ಪರಕೀಯರ ಮೇಲಿನ ಪ್ರೀತಿ ಅಂತ ಅರ್ಥ. ಅದರೊಳಗಿರುವ 'ಕ್ಸೆನೊಸ್' ಅಂದರೆ ಪರಕೀಯ. ಅತಿಥಿಗೂ ಅದೇ ಮಾತು. ಮನೆಗೆ ಕರೆದವನಿಗೂ ಅದೇ ಮಾತು! ಇನ್ನೊಂದು, ನಮ್ಮಲ್ಲಿ ಕೆಲವರು ಚರ್ಚಿನ ವ್ಯಾಪ್ತಿಗೆ 'ಪ್ಯಾರಿಶ್' ಅನ್ನುತ್ತೇವಲ್ಲ, ಅದರ ಬೇರು ಗ್ರೀಕಿನ 'ಪರೊಯಿಕಿಯಾ'. ಪರಸ್ಥಳದಲ್ಲಿ ತಾತ್ಕಾಲಿಕವಾಗಿ ವಾಸ ಮಾಡುವುದು ಅಂತ. ಇಡೀ ಸಭೆಯೇ ಬಾಡಿಗೆ ಮನೆಯಲ್ಲಿರುವವರ ಗುಂಪು ಅಂದ ಹಾಗಾಯಿತು. ಹಾಗಾದರೆ ನಾವಿಬ್ಬರು ಅದರಲ್ಲಿ ಸ್ಪೆಷಲ್ ಏನಲ್ಲ, ಅಲ್ವಾ?

ಸರಿ, ಮೂರನೇ ಕುರ್ಚಿಯ ಕತೆಗೆ ಬರುತ್ತೇನೆ.

ಮೇಲಿನ ಮಹಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಒಂಟಿ. ಮೆಟ್ಟಿಲ ಮೇಲೆ ಸಿಕ್ಕಾಗ ನಗುತ್ತಿದ್ದರು. ಒಂದು ಸಂಜೆ ಅವರ ಚೀಲ ಹಿಡಿದುಕೊಂಡು ಮೇಲೆ ತಂದುಕೊಟ್ಟೆ. ಬಾಗಿಲ ಹತ್ತಿರ ನಿಂತು, ನಾವು ಹೇಳುವ ಹಾಗೆ, "ಒಂದು ದಿನ ನಮ್ಮನೆಗೆ ಬನ್ನಿ" ಅಂದೆ. ಬಾಯಿಮಾತು. ನಾವು ದಿನಕ್ಕೆ ಹತ್ತು ಸಲ ಹೇಳುವ ಮಾತು. ಆಕೆ ಕನ್ನಡಕ ಹಾಕಿಕೊಂಡು, ಚೀಲದಿಂದ ಪುಟ್ಟ ಡೈರಿ ತೆಗೆದು, ಪೆನ್ನಿನ ಕ್ಯಾಪ್ ಬಿಚ್ಚಿ, "ಯಾವ ದಿನ? ಎಷ್ಟು ಗಂಟೆಗೆ?" ಅಂತ ಕೇಳಿದರು.

ನನ್ನ ಬಾಯಿಂದ "ಶನಿವಾರ, ನಾಲ್ಕು ಗಂಟೆಗೆ" ಅಂತ ಬಂದುಬಿಟ್ಟಿತು. ಕೆಳಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಸುತ್ತಲೂ ನೋಡಿ, "ಯಾರು ನಿಂತ್ಕೊಳ್ಳೋದು?" ಅಂದರು.

ಶುಕ್ರವಾರ ಒಂದು ಹಳೆಯ ಕುರ್ಚಿ ತಂದೆವು. ಶನಿವಾರ ಸರಿಯಾಗಿ ನಾಲ್ಕಕ್ಕೆ ಬೆಲ್ ಆಯಿತು. ಆಕೆ ಕೂತ ಕೂಡಲೇ ಕುರ್ಚಿ ಟಕ್ ಅಂತ ಒಂದು ಕಡೆ ವಾಲಿತು. ಒಂದು ಕಾಲು ಗಿಡ್ಡ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ಎದ್ದು, ಚೀಲದಿಂದ ಒಂದು ಹಳೆಯ ಲಕೋಟೆ ತೆಗೆದು, ಎರಡು ಮಡಿಕೆ ಮಡಿಸಿ ನೋಡಿದರು. ಸಾಲಲಿಲ್ಲ. ಮೂರನೇ ಮಡಿಕೆ ಮಡಿಸಿ ಕಾಲಿನ ಕೆಳಗೆ ಇಟ್ಟು ಮತ್ತೆ ಕೂತರು. ಕುರ್ಚಿ ಅಲ್ಲಾಡಲಿಲ್ಲ. ಆಮೇಲೆ ಟೀ ಕುಡಿಯುತ್ತಾ ಹೇಳಿದರು: "ಈ ಕಟ್ಟಡದಲ್ಲಿ ನಾನು ಒಳಗೆ ಕಾಲಿಟ್ಟ ಎರಡನೇ ಮನೆ ಇದು. ಮೊದಲನೆಯದು ನನ್ನದು."

ಆ ದೇಶದವರೇ ಆ ಊರಿನಲ್ಲಿ ಇಷ್ಟು ಒಂಟಿಯಾಗಿರಬಹುದು ಅಂತ ನಾವು ಯೋಚಿಸಿಯೇ ಇರಲಿಲ್ಲ. ಒಂಟಿತನಕ್ಕೆ ನಾವು ಮಾತ್ರ ಹಕ್ಕುದಾರರು ಅಂದುಕೊಂಡಿದ್ದೆವು.

ಅಲ್ಲಿಂದ ಕಲಿತದ್ದು ಇಷ್ಟು: ದಿನ, ಗಂಟೆ ಹೇಳದೆ ಕರೆದರೆ ಅದು ಕರೆಯೇ ಅಲ್ಲ. ಹೊಸ ನಾಡಿನಲ್ಲಿ ಎದುರಿನವರಿಗೆ ನಿಮ್ಮ ಬಾಯಿಮಾತು ಯಾವುದು, ನಿಜವಾದ ಕರೆ ಯಾವುದು ಅಂತ ಗೊತ್ತಾಗುವುದಿಲ್ಲ. ದಿನ ಹೇಳಿ, ಊಟಕ್ಕೋ ಬರೀ ಟೀಗೋ ಹೇಳಿ, ಎಷ್ಟು ಹೊತ್ತಿನವರೆಗೆ ಅಂತಲೂ ಹೇಳಿದರೆ ಅವರಿಗೆ ನಿರಾಳ. ಯಾವುದು ತಿನ್ನುವುದಿಲ್ಲ, ಯಾವುದು ಮೈಗೆ ಒಗ್ಗುವುದಿಲ್ಲ ಅಂತ ಮೊದಲೇ ಕೇಳಿ. ಕೇಳುವುದು ಸಂಕೋಚದ ವಿಷಯ ಅಲ್ಲ. ಅಲರ್ಜಿ ಇರುವವರಿಗೆ ನಿಮ್ಮ ಪ್ರೀತಿಯ ಅಡುಗೆ ಆಸ್ಪತ್ರೆಯ ದಾರಿ ಆಗಬಹುದು.

ಈಗ ಮನೆಯೊಳಗಿನ ವಿಷಯ. ಅತಿಥಿ ಬರುವುದಕ್ಕಿಂತ ಮೊದಲಿನ ಎರಡು ಗಂಟೆಯ ವಿಷಯ. ನಗಬೇಡಿ, ಎಲ್ಲರ ಮನೆಯಲ್ಲೂ ಇರುವುದೇ.

ಊರಲ್ಲಾದರೆ ಅತ್ತೆ, ಅತ್ತಿಗೆ, ಪಕ್ಕದ ಮನೆಯವರು, ಯಾರೋ ಒಬ್ಬರು ಕೈಗೆ ಸಿಗುತ್ತಾರೆ. ಅಲ್ಲಿ ಇರುವುದು ಇಬ್ಬರೇ. ನೆಲ ಒರೆಸುವುದು, ಅಡುಗೆ, ಸ್ನಾನದ ಮನೆ, ಕೊನೆ ಗಳಿಗೆಯಲ್ಲಿ ಮರೆತ ಸಾಮಾನು, ಎಲ್ಲಾ ಎರಡೇ ಜೊತೆ ಕೈಯಲ್ಲಿ. ನಮ್ಮಿಬ್ಬರ ಅತಿ ದೊಡ್ಡ ಜಗಳಗಳೆಲ್ಲ ಬೆಲ್ ಆಗುವುದಕ್ಕೆ ಹದಿನೈದು ನಿಮಿಷ ಮೊದಲು ನಡೆದವು. ಆಮೇಲೆ ಬಾಗಿಲು ತೆಗೆದು ಇಬ್ಬರೂ ಹಲ್ಲು ಕಿರಿಯುವುದು. ಒಮ್ಮೆ ಬಂದವರ ಪುಟ್ಟ ಮಗಳು ನಮ್ಮಿಬ್ಬರ ಮುಖ ನೋಡಿ, "ಆಂಟಿ, ನೀವು ಅತ್ತಿದ್ದೀರಾ?" ಅಂತ ಎಲ್ಲರೆದುರು ಕೇಳಿತು. ಈರುಳ್ಳಿ ಹೆಚ್ಚುತ್ತಿದ್ದೆ ಅಂದೆ. ಆ ದಿನದ ಅಡುಗೆಯಲ್ಲಿ ಈರುಳ್ಳಿ ಇರಲಿಲ್ಲ, ಅದನ್ನೂ ಆ ಮಗು ಗಮನಿಸಿತು.

ಮಾರ್ಥ, ಮರಿಯರ ಕತೆ ಹೇಳಿ ಹೆಂಗಸರಿಗೆ ಬುದ್ಧಿ ಹೇಳುವವರು ಬಹಳ. ಲೂಕ 10ರಲ್ಲಿ ಇದೆ. ಮಾರ್ಥ ಕೆಲಸದಲ್ಲಿ ಸಿಕ್ಕಿಕೊಂಡಿದ್ದಾಳೆ, ಮರಿಯ ಯೇಸುವಿನ ಪಾದದ ಹತ್ತಿರ ಕೂತಿದ್ದಾಳೆ. ಯೇಸು ಮಾರ್ಥಳಿಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಪ್ರಸಂಗ ಕೇಳುವಾಗಲೆಲ್ಲ ನನಗೆ ಒಂದು ಪ್ರಶ್ನೆ ಬರುತ್ತದೆ. ಇವರಿಗೆ ಲಾಜರ ಅಂತ ಒಬ್ಬ ಸಹೋದರ ಇದ್ದ ಅಂತ ಯೋಹಾನ ಹೇಳುತ್ತಾನೆ. ಆ ದಿನ ಅವನು ಎಲ್ಲಿದ್ದ? ಒಂದು ಕೊಡ ನೀರು ತಂದುಕೊಟ್ಟಿದ್ದರೆ ಮಾರ್ಥಳೂ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಲೂಕ ಅವನ ಸುದ್ದಿಯನ್ನೇ ಎತ್ತುವುದಿಲ್ಲ.

ಅದಕ್ಕೆ ನಾನು ಗಂಡಸರಿಗೆ ಅಬ್ರಹಾಮನ ಕತೆ ಹೇಳುತ್ತೇನೆ. ಆದಿಕಾಂಡ 18. ಮಮ್ರೆಯ ಮರಗಳ ಹತ್ತಿರ, ಸುಡುವ ಬಿಸಿಲಲ್ಲಿ, ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ಮೂವರು ಕಾಣಿಸಿದರು. ವಯಸ್ಸಾದ ಮನುಷ್ಯ ಎದ್ದು ಓಡಿದ. ಏನು ಹೇಳಿದ? ಸ್ವಲ್ಪ ನೀರು ತರಿಸುತ್ತೇನೆ, ಒಂದು ತುತ್ತು ರೊಟ್ಟಿ ತಿಂದು ಹೋಗಿ ಅಂತ. ಒಳಗೆ ಹೋಗಿ ಸಾರಳಿಗೆ ಏನು ಹೇಳಿದ? ಬೇಗ ಮೂರು ಸೆಯಾ ಹಿಟ್ಟು ನಾದು ಅಂತ! ಮೂರು ಸೆಯಾ ಅಂದರೆ ಸುಮಾರು 20 ಲೀಟರ್ ಹಿಡಿಯುವ ಪಾತ್ರೆ ತುಂಬ ಹಿಟ್ಟು. ಮೂರು ಜನಕ್ಕೆ. ಬಾಗಿಲಲ್ಲಿ "ಏನಿಲ್ಲ, ಸುಮ್ನೆ ಒಂದು ತುತ್ತು" ಅನ್ನುವುದು, ಅಡುಗೆಮನೆಗೆ ಬಂದು ಹೆಂಡತಿಯ ಮುಂದೆ 20 ಲೀಟರ್ ಹಿಟ್ಟು ಇಡುವುದು. ಗಂಡಂದಿರ ಈ ಅಭ್ಯಾಸ ಬಹಳ ಹಳೆಯದು.

ಆದರೆ ಅವನಿಗೆ ಸಲ್ಲಬೇಕಾದದ್ದು ಸಲ್ಲಲಿ. ದನದ ಹಟ್ಟಿಗೆ ತಾನೇ ಓಡಿ ಕರು ಆರಿಸಿದ. ತಾನೇ ತಂದು ಬಡಿಸಿದ. ಅವರು ತಿನ್ನುವಾಗ ಮರದ ಕೆಳಗೆ ಪಕ್ಕದಲ್ಲಿ ನಿಂತಿದ್ದ. ಕೂತ ಜಾಗದಿಂದ ಆರ್ಡರ್ ಮಾಡಲಿಲ್ಲ. ನಮ್ಮ ಮನೆಯಲ್ಲಿ ಈಗ ಒಪ್ಪಂದ ಹೀಗಿದೆ: ಕರೆಯುವ ಮೊದಲು ಇನ್ನೊಬ್ಬರನ್ನು ಕೇಳಬೇಕು. ಕರೆದವರು ಸ್ನಾನದ ಮನೆ ತೊಳೆಯಬೇಕು. ಈ ನಿಯಮ ಬಂದ ಮೇಲೆ ನಮ್ಮವರು ದಾರಿಯಲ್ಲಿ ಸಿಕ್ಕವರನ್ನೆಲ್ಲ ಊಟಕ್ಕೆ ಕರೆಯುವುದು ಎಷ್ಟೋ ಕಡಿಮೆ ಆಯಿತು.

ಮನೆ ಚಿಕ್ಕದು ಅನ್ನುವ ಮಾತಿಗೆ ಈಗ ಬರೋಣ. ಇಲ್ಲಿರುವ ಅರ್ಧ ಜನ ಮನಸ್ಸಿನಲ್ಲಿ ಅದನ್ನೇ ಹೇಳುತ್ತಿದ್ದೀರಿ.

ಶೂನೇಮ್ ಊರಿನ ಆ ಹೆಂಗಸು ಪ್ರವಾದಿ ಎಲೀಷನಿಗೆ ಕಟ್ಟಿಸಿದ ಕೋಣೆ ನೆನಪಿದೆಯಾ? ಎರಡನೇ ಅರಸುಗಳು 4ನೇ ಅಧ್ಯಾಯ. ಮಾಳಿಗೆಯ ಮೇಲೆ ಪುಟ್ಟ ಕೋಣೆ. ಅದರಲ್ಲಿ ಇಟ್ಟದ್ದು ನಾಲ್ಕು: ಮಂಚ, ಮೇಜು, ಕುರ್ಚಿ, ದೀಪ. ಆಕೆ ಸ್ಥಿತಿವಂತೆ, ಬೇಕಾದ್ದು ಇಡಬಹುದಿತ್ತು. ಮಲಗಲು, ಬರೆಯಲು, ಕೂರಲು, ರಾತ್ರಿ ಎದ್ದರೆ ತಡಕಾಡದಿರಲು, ಇಷ್ಟೇ ಇಟ್ಟಳು. ಅತಿಥಿಗೆ ನಿಜವಾಗಿ ಬೇಕಾದ್ದು ಇದೇ. ನಮ್ಮ ಮನೆಯಲ್ಲಿ ಅತಿಥಿಗಳ ಕೋಣೆ ಇಲ್ಲ. ಹಾಲ್‌ನಲ್ಲಿ ಹಾಸಿಗೆ ಹಾಸುತ್ತೇವೆ. ಹಾಸಿಗೆಯ ತಲೆಭಾಗದಲ್ಲಿ ಒಂದು ಸ್ಟೂಲು, ಅದರ ಮೇಲೆ ಟೇಬಲ್ ಲ್ಯಾಂಪ್, ನೀರು, ಫೋನ್ ಚಾರ್ಜ್ ಮಾಡಲು ವೈರ್, ವೈಫೈ ಪಾಸ್‌ವರ್ಡ್ ಬರೆದ ಚೀಟಿ. ಎಲೀಷನ ಕಾಲದಿಂದ ಹೆಚ್ಚಾಗಿರುವುದು ಆ ವೈರು ಮತ್ತು ಚೀಟಿ ಮಾತ್ರ.

ಸಿರಿಯಾದಲ್ಲಿ ಯೂಫ್ರೇಟೀಸ್ ನದಿಯ ದಂಡೆಯಲ್ಲಿ ದುರಾ ಯುರೋಪೊಸ್ ಅಂತ ಒಂದು ಊರಿತ್ತು. 1930ರ ದಶಕದ ಶುರುವಿನಲ್ಲಿ ಅಲ್ಲಿ ಅಗೆದಾಗ ಒಂದು ಮನೆ ಸಿಕ್ಕಿತು. ಹೊರಗಿನಿಂದ ನೋಡಿದರೆ ಬೀದಿಯ ಬೇರೆ ಮನೆಗಳ ಹಾಗೇ ಇದೆ. ಮೂರನೇ ಶತಮಾನದಲ್ಲಿ ಅದನ್ನು ಕ್ರೈಸ್ತರು ಸಭೆ ಕೂಡಲು ಮಾರ್ಪಾಡು ಮಾಡಿಕೊಂಡಿದ್ದರು. ಏನು ಮಾಡಿದ್ದರು? ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ್ದರು. ಇನ್ನೊಂದು ಸಣ್ಣ ಕೋಣೆಯನ್ನು ದೀಕ್ಷಾಸ್ನಾನಕ್ಕೆ ಇಟ್ಟು ಗೋಡೆಗೆ ಚಿತ್ರ ಬರೆಸಿದ್ದರು. ಸುಮಾರು 256ರಲ್ಲಿ ಆ ಊರು ಶತ್ರುಗಳ ಕೈ ಸೇರಿತು. ಮುತ್ತಿಗೆಯ ಸಮಯದಲ್ಲಿ ಕೋಟೆಗೋಡೆ ಗಟ್ಟಿ ಮಾಡಲು ಪಕ್ಕದ ಮನೆಗಳಿಗೆಲ್ಲ ಮಣ್ಣು ತುಂಬಿಸಿದ್ದರು, ಅದರಿಂದಲೇ ಈ ಮನೆ ಉಳಿದುಕೊಂಡಿತು. ನಾನು ಇದರ ನಕ್ಷೆ ನೋಡಿದಾಗ ಗೋಡೆ ಒಡೆದ ಜಾಗವನ್ನೇ ತುಂಬ ಹೊತ್ತು ನೋಡಿದೆ. ಆ ಮನೆಯವರಲ್ಲಿ ಯಾರು ಮೊದಲು "ಒಡೆಯೋಣ" ಅಂದಿರಬಹುದು, ಗಂಡನೋ ಹೆಂಡತಿಯೋ?

ಬಾಡಿಗೆ ಮನೆಯಲ್ಲಿ ನೀವು ಗೋಡೆ ಒಡೆಯಲು ಹೋಗಬೇಡಿ! ಅದರ ಬದಲು ಬಾಡಿಗೆ ಕರಾರು ಪೂರ್ತಿ ಓದಿ. ಎಷ್ಟು ದಿನ ಅತಿಥಿ ಉಳಿಯಬಹುದು, ಎಷ್ಟು ಗಂಟೆಯ ಮೇಲೆ ಸದ್ದು ಮಾಡಬಾರದು, ಗಾಡಿ ಎಲ್ಲಿ ನಿಲ್ಲಿಸಬೇಕು, ಇದೆಲ್ಲ ಅದರಲ್ಲಿ ಇರುತ್ತದೆ. ನಾವು ಓದದೆ ಕೆಟ್ಟೆವು. ಮನೆಯಲ್ಲಿ ಪ್ರಾರ್ಥನೆ ಕೂಟ ಇಟ್ಟ ದಿನ ಹದಿನಾರು ಜನ ಚಪ್ಪಾಳೆ ತಟ್ಟಿ ಹಾಡಿದೆವು. ಕೆಳಗಿನ ಮನೆಯವರ ಮಗು ಎದ್ದು ಅತ್ತಿತು. ಮಾರನೆಯ ದಿನ ಮನೆ ಮಾಲೀಕರ ಪತ್ರ ಬಂತು. ಕೂಟದಲ್ಲಿ ಕೆಲವರು ಇದನ್ನು ಹಿಂಸೆ, ವಿರೋಧ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಮಗುವಿನ ನಿದ್ದೆ ಕೆಡಿಸಿದ್ದು ನಾವು. ಕೆಳಗೆ ಹೋಗಿ ಕ್ಷಮೆ ಕೇಳಿದೆವು. ಆಮೇಲೆ ಕೂಟ ಮಧ್ಯಾಹ್ನಕ್ಕೆ ಬದಲಾಯಿತು, ಚಪ್ಪಾಳೆ ನಿಂತಿತು.

ಉಳಿದುಕೊಳ್ಳುವ ಅತಿಥಿಗಳ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹೊಸದಾಗಿ ಕೆಲಸಕ್ಕೆ ಬಂದ ಒಬ್ಬ ಹುಡುಗ, "ಅಕ್ಕ, ಮನೆ ಸಿಗೋವರೆಗೆ ಒಂದು ವಾರ" ಅಂತ ಬಂದ. ಇದ್ದದ್ದು ಹನ್ನೊಂದು ವಾರ. ಒಳ್ಳೆಯ ಹುಡುಗ, ಕೆಟ್ಟವನಲ್ಲ. ಮನೆ ಹುಡುಕುವುದನ್ನು ಬಿಟ್ಟುಬಿಟ್ಟ, ಅಷ್ಟೇ. ಆರನೇ ವಾರದಿಂದ ನಾವಿಬ್ಬರೂ ಗುಸುಗುಸು ಮಾತಾಡಲು ಶುರು ಮಾಡಿದೆವು. ನಮ್ಮದೇ ಮನೆಯಲ್ಲಿ ಗುಸುಗುಸು. ಗೊಣಗದೆ ಅತಿಥಿಸತ್ಕಾರ ಮಾಡಿರಿ ಅಂತ ಪೇತ್ರ ಬರೆದಿದ್ದಾನೆ, ಮೊದಲ ಪತ್ರದ 4ನೇ ಅಧ್ಯಾಯ 9ನೇ ವಚನ. ಅವನು ಹಾಗೆ ಬರೆದಿದ್ದಾನೆ ಅಂದರೆ ಆಗಲೂ ಜನ ಗೊಣಗುತ್ತಿದ್ದರು ಅಂತಲೇ ಅಲ್ವಾ?

ಆದಿ ಸಭೆಯವರು ಈ ವಿಷಯದಲ್ಲಿ ಪೆದ್ದರಾಗಿರಲಿಲ್ಲ. 'ಡಿಡಾಕೆ' ಅಂತ ಒಂದು ಪುಟ್ಟ ಕೈಪಿಡಿ ಇದೆ, ಬಹಳ ಹಿಂದಿನದು, ಸಭೆಗಳು ನಡೆದುಕೊಳ್ಳಬೇಕಾದ ರೀತಿ ಹೇಳುವಂಥದ್ದು. ಅದರ ಪ್ರಕಾರ ಪ್ರಯಾಣಿಕ ಬಂದರೆ ಕೈಲಾದ ಸಹಾಯ ಮಾಡಿ, ಆದರೆ ಅವನು ಎರಡು ದಿನ, ಬೇಕಾದರೆ ಮೂರು ದಿನ ಇರಬಹುದು. ಅಲ್ಲೇ ನೆಲೆಸುವ ಆಸೆ ಇದ್ದು ಕಸುಬು ಗೊತ್ತಿದ್ದರೆ ದುಡಿದು ತಿನ್ನಲಿ. ಊರೂರು ತಿರುಗುವ ಬೋಧಕನಂತೂ ಮೂರನೇ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ! ಜ್ಞಾನೋಕ್ತಿಗಳಲ್ಲಿ ಇನ್ನೂ ನೇರವಾಗಿದೆ, 25ನೇ ಅಧ್ಯಾಯ 17. ನೆರೆಯವನ ಮನೆಗೆ ಪದೇ ಪದೇ ಹೋಗಬೇಡ, ಬೇಸತ್ತು ನಿನ್ನನ್ನು ಹಗೆ ಮಾಡಿಯಾನು ಅಂತ.

ಹನ್ನೊಂದನೇ ವಾರ ನಮ್ಮವರು ಹುಡುಗನನ್ನು ಕೂರಿಸಿಕೊಂಡು, ನಾಲ್ಕು ಮನೆಗಳ ವಿಳಾಸ ಮುಂದಿಟ್ಟು, "ಈ ಶನಿವಾರ ನಾಲ್ಕನ್ನೂ ನೋಡ್ಕೊಂಡು ಬರೋಣ, ನಾನೂ ಬರ್ತೀನಿ" ಅಂದರು. ಎರಡನೆಯದೇ ಒಪ್ಪಿಗೆ ಆಯಿತು. ಆರನೇ ವಾರದಲ್ಲೇ ಇದನ್ನು ಮಾಡಿದ್ದರೆ ಐದು ವಾರದ ಗೊಣಗಾಟ ಉಳಿಯುತ್ತಿತ್ತು. ಈಗ ಯಾರಾದರೂ ಉಳಿಯಲು ಬರುತ್ತೇನೆ ಅಂದರೆ ಹೊರಡುವ ದಿನವನ್ನೂ ಆಗಲೇ ಮಾತಾಡಿಕೊಳ್ಳುತ್ತೇವೆ. ಒರಟು ಅನ್ನಿಸಬಹುದು. ಹಿಂದಿನಿಂದ ಆಡಿಕೊಳ್ಳುವುದು ಅದಕ್ಕಿಂತ ಒರಟು. ಇನ್ನು ವೀಸಾ ಅವಧಿ ಮುಗಿದವರನ್ನು ಬಚ್ಚಿಡುವುದು, ಮನೆ ಮಾಲೀಕರಿಗೆ ಸುಳ್ಳು ಹೇಳುವುದು, ಇದಕ್ಕೆಲ್ಲ ಅತಿಥಿಸತ್ಕಾರದ ಹೆಸರು ಕೊಡಬೇಡಿ. ಅಂಥವರನ್ನು ಒಳ್ಳೆಯ ವಕೀಲರ ಹತ್ತಿರ ಕರೆದುಕೊಂಡು ಹೋಗುವುದೇ ದೊಡ್ಡ ಉಪಕಾರ.

ಬಾಗಿಲು ಹಾಕಿಕೊಳ್ಳುವ ದಿನವೂ ಬೇಕು. ನಮ್ಮದು ಮಂಗಳವಾರ ಸಂಜೆ. ಯಾರನ್ನೂ ಕರೆಯುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಇಬ್ಬರೇ ಊಟ ಮಾಡಿ, ಒಂದು ಅಧ್ಯಾಯ ಓದಿ, ಊರಿಗೆ ಫೋನ್ ಮಾಡಿ ಮಲಗುತ್ತೇವೆ. ಯಾರಾದರೂ "ಮಂಗಳವಾರ ಬರಬಹುದಾ?" ಅಂದರೆ "ಆ ದಿನ ನಮ್ಮನೆಗೆ ನಾವೇ ನೆಂಟರು" ಅನ್ನುತ್ತೇವೆ.

ಯಾರನ್ನು ಕರೆಯಬೇಕು? ಪರದೇಶದಲ್ಲಿ ನಮ್ಮ ಭಾಷೆಯವರು ಸಿಕ್ಕಿದರೆ ಆಗುವ ಸಂತೋಷ ನನಗೆ ಗೊತ್ತು. ಹಾಗೇ ಅವರ ಜೊತೆಗೇ ಇದ್ದುಬಿಡಬಹುದು. ಹತ್ತು ವರ್ಷ ಇದ್ದೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದವರನ್ನು ನೋಡಿದ್ದೇನೆ. ನಿಮ್ಮ ಮಧ್ಯೆ ಇರುವ ಪರದೇಶದವನನ್ನು ನಿಮ್ಮ ಹಾಗೇ ಪ್ರೀತಿಸಿ, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಅಂತ ಯಾಜಕಕಾಂಡ 19ರಲ್ಲಿದೆ. ಪರದೇಶಿ ಆದ ಅನುಭವ ಇರುವುದು ಇದಕ್ಕಾಗಿಯೇ ಅನ್ನುವ ಹಾಗಿದೆ ಆ ಮಾತು. ಆರನೇ ಶತಮಾನದ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮದ 53ನೇ ಅಧ್ಯಾಯ ಅತಿಥಿಗಳ ಬಗ್ಗೆ. ಬಂದ ಪ್ರತಿಯೊಬ್ಬರನ್ನೂ ಕ್ರಿಸ್ತನೆಂದೇ ಬರಮಾಡಿಕೊಳ್ಳಿ ಅನ್ನುತ್ತಾನೆ. ಶ್ರೀಮಂತರಿಗೆ ಗೌರವ ತಾನಾಗಿ ಸಿಗುತ್ತದೆ, ಬಡವರನ್ನು ಜಾಸ್ತಿ ಗಮನಿಸಿ ಅಂತಲೂ ಸೇರಿಸುತ್ತಾನೆ. ಅತಿಥಿಗಳಿಗೆ ಬೇರೆ ಅಡುಗೆಮನೆ ಇಡಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಮಠದವರಿಗೆ ತೊಂದರೆ ಆಗಬಾರದು ಅಂತಲೂ ಹೇಳುತ್ತಾನೆ. ಮನೆ ನಡೆಸಿ ಗೊತ್ತಿದ್ದ ಮನುಷ್ಯ.

ಬೇರೆ ನಂಬಿಕೆಯವರು ಊಟಕ್ಕೆ ಬಂದಾಗ ಏನು ಮಾಡುತ್ತೀರಿ ಅಂತ ತುಂಬ ಜನ ಕೇಳುತ್ತಾರೆ. ನಾವು ದಿನಾ ಮಾಡುವ ಹಾಗೇ ಊಟಕ್ಕೆ ಮೊದಲು ಚಿಕ್ಕ ಪ್ರಾರ್ಥನೆ ಮಾಡುತ್ತೇವೆ. ಇದು ನಮ್ಮ ರೂಢಿ ಅಂತ ಮೊದಲೇ ಹೇಳುತ್ತೇವೆ. ಅವರ ಹೆಸರು ಹಿಡಿದು ಉದ್ದ ಪ್ರಸಂಗ ಮಾಡುವುದಿಲ್ಲ. ಊಟವನ್ನು ಗಾಳ ಮಾಡಬಾರದು. ಅವರು ಕೇಳಿದರೆ ಹೇಳುತ್ತೇವೆ, ಕೇಳದಿದ್ದರೆ ಇನ್ನೊಂದು ತುತ್ತು ಬಡಿಸುತ್ತೇವೆ.

ಇಲ್ಲೂ ಅಕ್ವಿಲ, ಪ್ರಿಸ್ಕಿಲ್ಲರ ಒಂದು ಕೆಲಸ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಎಫೆಸಕ್ಕೆ ಅಪೊಲ್ಲೋಸ ಅಂತ ಒಬ್ಬ ಬಂದ, ಅಲೆಕ್ಸಾಂದ್ರಿಯದವನು, ಮಾತುಗಾರ. ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡಿದ. ಆದರೆ ಅವನಿಗೆ ಗೊತ್ತಿದ್ದದ್ದು ಅರ್ಧ. ಇವರಿಬ್ಬರೂ ಕೇಳಿಸಿಕೊಂಡರು. ಎದ್ದು ನಿಂತು ತಿದ್ದಲಿಲ್ಲ. ತಮ್ಮ ಜೊತೆ ಕರೆದುಕೊಂಡು ಹೋಗಿ ಉಳಿದದ್ದನ್ನು ವಿವರಿಸಿದರು. ಏನು ಬಡಿಸಿದರು ಅಂತ ಬರೆದಿಲ್ಲ. ಬಡಿಸದೆ ವಿವರಿಸಿರಲಾರರು ಅಂತ ನನ್ನ ಊಹೆ.

ಕ್ರಿಸ್‌ಮಸ್ ಬಗ್ಗೆ ಒಂದೇ ಮಾತು. ಆ ದಿನ ಒಬ್ಬರೇ ಇರುವವರು ಯಾರು ಅಂತ ಹದಿನೈದು ದಿನ ಮೊದಲೇ ನೋಡಿಕೊಳ್ಳಿ. ಹಿಂದಿನ ರಾತ್ರಿ ಕರೆದರೆ, ಕರುಣೆಗೆ ಕರೆದರು ಅನ್ನಿಸುತ್ತದೆ.

ಮುಗಿಸುವ ಮೊದಲು ಪೌಲನ ಕಡೆಗೆ ವಾಪಸ್ ಬರುತ್ತೇನೆ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪ್ರಿಸ್ಕಿಲ್ಲ, ಅಕ್ವಿಲರಿಗೆ ಮತ್ತೆ ವಂದನೆ ಇದೆ. ಪೌಲ ಸೆರೆಯಲ್ಲಿದ್ದಾನೆ, ಚಳಿಗಾಲ ಹತ್ತಿರ ಬರುತ್ತಿದೆ. ಅದೇ ಅಧ್ಯಾಯದಲ್ಲಿ ಒಂದು ಕೋರಿಕೆ ಇದೆ. ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟುಬಂದ ಮೇಲಂಗಿಯನ್ನು ಬರುವಾಗ ತೆಗೆದುಕೊಂಡು ಬಾ ಅಂತ. ಕರ್ಪ ಅಂದರೆ ಯಾರು, ಬೇರೆ ಎಲ್ಲೂ ಅವನ ಸುದ್ದಿ ಇಲ್ಲ. ಒಬ್ಬ ಅತಿಥಿಯ ಬಟ್ಟೆ ಅವನ ಹತ್ತಿರ ಉಳಿದಿತ್ತು, ಅಷ್ಟಕ್ಕೇ ಅವನ ಹೆಸರು ಸತ್ಯವೇದದಲ್ಲಿ ಸೇರಿತು.

ನಮ್ಮ ಮನೆಯ ಬಾಗಿಲ ಹತ್ತಿರವೂ ಒಂದು ರಟ್ಟಿನ ಪೆಟ್ಟಿಗೆ ಇದೆ. ಬಂದವರು ಮರೆತು ಹೋದದ್ದೆಲ್ಲ ಅದರಲ್ಲಿ. ಒಂದೇ ಕೈಗವಸು, ಕನ್ನಡಕದ ಡಬ್ಬಿ, ಮಗುವಿನ ಕಾಲುಚೀಲ, ಎರಡು ಛತ್ರಿ. ಹನ್ನೊಂದು ವಾರ ಇದ್ದ ಹುಡುಗನ ಬೂದು ಬಣ್ಣದ ಸ್ವೆಟರ್ ಕೂಡ. ಕಳೆದ ತಿಂಗಳು ಅವನು ಫೋನ್ ಮಾಡಿದ. ಈಗ ಬೇರೆ ಊರಲ್ಲಿದ್ದಾನೆ, ಮದುವೆ ಆಗಿದೆ. "ಅಕ್ಕ, ನನ್ನ ಸ್ವೆಟರ್ ಇನ್ನೂ ಇದೆಯಾ?" ಅಂದ. ಇದೆ ಅಂದೆ. "ಇವಳನ್ನೂ ಕರ್ಕೊಂಡು ಒಂದು ದಿನ ಬಂದು ತಗೊಂಡು ಹೋಗ್ತೀನಿ" ಅಂದ.

ಗೋಡೆಯ ಮೇಲಿದ್ದ ಕ್ಯಾಲೆಂಡರ್ ಕೆಳಗಿಳಿಸಿ, ಪೆನ್ನು ಹುಡುಕಿಕೊಂಡು, "ಯಾವ ದಿನ? ಎಷ್ಟು ಗಂಟೆಗೆ?" ಅಂತ ಕೇಳಿದೆ.